ಗೋಡೆಗೆ ಅಂಟಿಸಿದ ಬಾಕಿ ಪಟ್ಟಿ: ದಾವಣಗೆರೆಯ ಒಂದು ಮೆಕ್ಕೆಜೋಳದ ಅಂಗಡಿಯ ಪ್ರಕರಣ

2020ರ ಏಪ್ರಿಲ್, ಎರಡನೇ ವಾರ. ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿ, ಷಟರ್ ಅರ್ಧ ಎತ್ತಿದೆ. ಒಳಗೆ ಇಬ್ಬರೇ. ಗಾದಿಯ ಮೇಲೆ ಯಜಮಾನರು, ಪಕ್ಕದ ಮೇಜಿನಲ್ಲಿ ಗುಮಾಸ್ತರು. ಫೋನು ಹೊಡೆದುಕೊಳ್ಳುತ್ತಲೇ ಇದೆ. ಗುಮಾಸ್ತರು ಅದನ್ನು ಎತ್ತಲಿಲ್ಲ. ಹೇಳಿದರು: "ಯಜಮಾನ್ರೆ, ಇವತ್ತಿಂದ ಫೋನ್ ನಾನು ಎತ್ತಲ್ಲ. ಸರ್ವರ್ ಡೌನ್ ಐತಿ, ಮ್ಯಾನೇಜರ್ ಇಲ್ಲ, ಲಾಕ್‌ಡೌನ್ ಮುಗೀಲಿ ಅಂತ ಹದಿಮೂರು ದಿನ ಹೇಳೀನಿ. ಅವ್ರೆಲ್ಲ ನಿಮ್ಮಪ್ಪಾರ ಕಾಲದಿಂದ ನನ್ನ ದನಿ ಗುರುತಿರೋ ಮಂದಿ. ಸುಳ್ಳು ಹೇಳೋದಾದ್ರೆ ನೀವೇ ಹೇಳ್ರಿ."

ಆ ಅಂಗಡಿಯಲ್ಲಿ ಅವರು ಇಪ್ಪತ್ತನಾಲ್ಕು ವರ್ಷ ದುಡಿದವರು. ಎದುರು ಮಾತಾಡಿದ್ದು ಅದೇ ಮೊದಲಂತೆ.

ನಾನು ದಾವಣಗೆರೆಯಲ್ಲಿ ವಾಣಿಜ್ಯ ವಿದ್ಯಾರ್ಥಿಗಳಿಗೆ ಪಾಠ ಮಾಡುವವನು. ನಾಯಕತ್ವದ ಪಾಠಕ್ಕೆ ಪುಸ್ತಕಗಳಲ್ಲಿ ಸಿಗುವ ಪ್ರಕರಣಗಳೆಲ್ಲ ಅಮೆರಿಕದ ಕಂಪನಿಗಳವು. ಮಕ್ಕಳು ಪರೀಕ್ಷೆಗೆ ಬರೆದು ಮರೆತುಬಿಡುತ್ತಾರೆ. ಹಾಗಾಗಿ ಈ ಅಂಗಡಿಯ ಕಥೆಯನ್ನು ಯಜಮಾನರು, ಅವರ ಹೆಂಡತಿ, ಗುಮಾಸ್ತರು, ಇಬ್ಬರು ಹಮಾಲರು ಮತ್ತು ಆರೇಳು ರೈತರನ್ನು ಬೇರೆಬೇರೆಯಾಗಿ ಕೂರಿಸಿಕೊಂಡು ಕೇಳಿ ಬರೆದುಕೊಂಡೆ. ಯಾರ ಹೆಸರೂ ಬೇಡ ಎಂಬುದು ಷರತ್ತು. ಮೊತ್ತಗಳನ್ನೂ ಗುರುತು ಸಿಗದ ಮಟ್ಟಿಗೆ ಚೂರು ಅತ್ತಿತ್ತ ಮಾಡಿದ್ದೇನೆ, ಆದರೆ ಒಂದಕ್ಕೊಂದು ಇರುವ ಪ್ರಮಾಣ ಬದಲಾಗಿಲ್ಲ.

ಕೋಳಿ ಬಿದ್ದಾಗ ಜೋಳ ಬಿತ್ತು

ನಮ್ಮ ಊರನ್ನು ಹೊರಗಿನವರು ಇನ್ನೂ ಹತ್ತಿ ಗಿರಣಿಗಳ ಊರು ಎಂದೇ ನೆನೆಸುತ್ತಾರೆ. ಗಿರಣಿಗಳ ಸೈರನ್ನು ನಿಂತು ಎಷ್ಟೋ ಕಾಲವಾಯಿತು. ಈಗ ಇಲ್ಲಿನ ಯಾರ್ಡನ್ನು ನಡೆಸುವುದು ಮೆಕ್ಕೆಜೋಳ. ಜಗಳೂರು, ಆನಗೋಡು, ಮಾಯಕೊಂಡ, ಹರಪನಹಳ್ಳಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಜೂನ್ ಹೊತ್ತಿಗೆ ಬಿತ್ತಿ, ಅಕ್ಟೋಬರ್ ನಂತರ ಮುರಿದು, ಒಕ್ಕಿ, ಒಣಗಿಸಿ ತರುತ್ತಾರೆ. ಕೈ ಗಟ್ಟಿ ಇದ್ದವರು ದರ ಏರಲಿ ಎಂದು ಫೆಬ್ರವರಿವರೆಗೂ ಮನೆಯಲ್ಲೇ ಇಟ್ಟುಕೊಳ್ಳುವುದುಂಟು. ಯಾರ್ಡಿಗೆ ಬಂದ ಜೋಳದಲ್ಲಿ ದೊಡ್ಡ ಪಾಲು ಹೋಗುವುದು ಕೋಳಿ ಆಹಾರಕ್ಕೆ. ಕೋಳಿ ಆಹಾರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳವೇ ಇರುತ್ತದೆ.

2020ರ ಫೆಬ್ರವರಿಯಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅದರ ಬೆನ್ನಿಗೇ ಮಾರ್ಚ್‌ನಲ್ಲಿ ಮೈಸೂರಿನಲ್ಲೂ ನಮ್ಮ ಹರಿಹರ ತಾಲೂಕಿನಲ್ಲೂ ಹಕ್ಕಿಜ್ವರ ಕಾಣಿಸಿಕೊಂಡಿತು. ಕೋಳಿಯನ್ನು ಕೇಳುವವರೇ ಇಲ್ಲವಾದರು. ಬೆಳಗಾವಿ ಕಡೆ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಹೂತ ದೃಶ್ಯ ಎಲ್ಲರ ಮೊಬೈಲಿಗೂ ಬಂತು. ಮಾರ್ಚ್ 25ರಿಂದ ದೇಶವೇ ಮುಚ್ಚಿತು.

ನಮ್ಮ ಯಜಮಾನರು ಆ ಜನವರಿ–ಫೆಬ್ರವರಿಯಲ್ಲಿ ಕೊಂಡ ಜೋಳದಲ್ಲಿ ಬಹುಪಾಲನ್ನು ಹೊರ ಜಿಲ್ಲೆಯ ಒಂದೇ ಕೋಳಿ ಆಹಾರ ಘಟಕಕ್ಕೆ ಉದ್ರಿ ಕೊಟ್ಟಿದ್ದರು. ಕ್ವಿಂಟಾಲಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಡುತ್ತಾರೆ ಎಂಬುದಷ್ಟೇ ಕಾರಣ. ಅಲ್ಲಿಂದ ಬರಬೇಕಾಗಿದ್ದದ್ದು 46 ಲಕ್ಷ. ಇತ್ತ 63 ಜನ ರೈತರಿಗೆ ಕೊಡಬೇಕಾಗಿದ್ದದ್ದು 41 ಲಕ್ಷ 20 ಸಾವಿರ. ಕೈಯಲ್ಲಿದ್ದದ್ದು ಐದೂವರೆ ಲಕ್ಷ, ಗೋದಾಮಿನಲ್ಲಿ ಸುಮಾರು 600 ಕ್ವಿಂಟಾಲ್ ಜೋಳ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 1,760 ರೂಪಾಯಿ ಇತ್ತು. ಅದಕ್ಕಿಂತ ಮೇಲಿನ ದರಕ್ಕೆ ಕೊಂಡ ಆ ಮಾಲು ಕೊನೆಗೆ ಮೇ ತಿಂಗಳಲ್ಲಿ ಕರಗಿದ್ದು 1,300ರಂತೆ.

ರೈತನಿಗೆ ಉದ್ರಿ ನಿಲ್ಲಿಸಬಾರದು, ತೂಕ ಆದ ಕೂಡಲೇ ಹಣ ಕೊಡಬೇಕು ಎಂಬುದು ನಿಯಮ. "ಎಂಟು ದಿನ ಬಿಟ್ಟು ಬರ್ರಿ ಗೌಡ್ರೆ" ಎಂಬುದು ರೂಢಿ. ಈ ಅಂಗಡಿ ಕೂಡ ರೂಢಿಯ ಮೇಲೇ ನಡೆದದ್ದು. ಇದನ್ನು ಮುಚ್ಚಿಟ್ಟು ಯಜಮಾನರನ್ನು ಸಂತನನ್ನಾಗಿ ಮಾಡಿದರೆ ಪ್ರಕರಣಕ್ಕೆ ಅರ್ಥವಿರುವುದಿಲ್ಲ. ತಪ್ಪು ಮಾರ್ಚ್‌ನಲ್ಲಿ ಆದದ್ದಲ್ಲ. ರೈತರ ದುಡ್ಡನ್ನು ಒಂದೇ ಕಡೆ ಉದ್ರಿ ಬಿಟ್ಟ ಜನವರಿಯಲ್ಲೇ ಆಗಿತ್ತು.

ಹದಿಮೂರು ದಿನ

ಅಪ್ಪ ಕಟ್ಟಿದ ಅಂಗಡಿ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅಪ್ಪನ ಹೆಸರಿಗೆ ಬರುತ್ತಿದ್ದ ರೈತರು ಮಗನ ಹತ್ತಿರವೂ ಬರುತ್ತಿದ್ದರು. ಮಗನಿಗೆ ಆಗ ಮೂವತ್ತೆಂಟು. ಫೋನು ಬಂದಾಗಲೆಲ್ಲ ಗುಮಾಸ್ತರ ಕಡೆ ಕೈ ಮಾಡುವುದು, ಅವರು ಏನೋ ಒಂದು ಹೇಳುವುದು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂರುವುದು. ಹೀಗೆ ಹದಿಮೂರು ದಿನ ಕಳೆದವು.

ಆ ದಿನಗಳಲ್ಲಿ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದರು. ಮೊದಲು ಯೋಚಿಸಿದ್ದು ಗಲಾಟೆ ಮಾಡುವ ಏಳೆಂಟು ಜನಕ್ಕೆ ಗುಟ್ಟಾಗಿ ಕೊಟ್ಟು ಬಾಯಿ ಮುಚ್ಚಿಸುವುದು, ಉಳಿದವರನ್ನು ಆಟ ಆಡಿಸುವುದು. ಯಾರ್ಡಿನಲ್ಲಿ ಕೈ ಎತ್ತಿದವರೆಲ್ಲ ಮಾಡುವುದು ಇದನ್ನೇ. ಎರಡನೆಯದು ಸಿಮ್ ತೆಗೆದು ಎಸೆದು ಬೆಂಗಳೂರಿನ ಭಾವಮೈದುನನ ಮನೆ ಸೇರುವುದು. "ಲಾಕ್‌ಡೌನ್ ಇರ್ಲಿಲ್ಲ ಅಂದ್ರೆ ಹೋಗೇ ಬಿಡ್ತಿದ್ನೇನೋ, ಪಾಸ್ ಸಿಗಲಿಲ್ಲ" ಎಂದು ನಕ್ಕರು. ನಾನು ನಗಲಿಲ್ಲ.

ನಿಜ ಹೇಳುವುದಕ್ಕೆ ಇದ್ದ ಭಯ ಸುಳ್ಳಲ್ಲ, ಅದನ್ನು ನನ್ನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಮ್ಮ ಬೀದಿಗಳಲ್ಲಿ "ಪತ್ತಿನ ಸಹಕಾರ ಸಂಘ" ಎಂಬ ಬೋರ್ಡು ಎಷ್ಟೊಂದು ಇವೆ. ಪತ್ತು ಎಂದರೆ ಸಾಲ, ಸಾಲ ಹುಟ್ಟಿಸುವ ನಂಬಿಕೆಯೂ ಅದೇ. ವ್ಯಾಪಾರಿಯ ಪತ್ತು ಹೋಯಿತು ಎಂದು ಒಬ್ಬ ಅಂದರೆ ಸಾಕು, ಕೊಡಬೇಕಾದವರು ಕೊಡುವುದಿಲ್ಲ, ಬರಬೇಕಾದವರೆಲ್ಲ ಒಂದೇ ಬೆಳಿಗ್ಗೆ ಬರುತ್ತಾರೆ. "ನನ್ನ ಹತ್ತಿರ ದುಡ್ಡಿಲ್ಲ" ಎಂಬ ನಿಜವೇ ಇದ್ದ ಸ್ವಲ್ಪ ದುಡ್ಡನ್ನೂ ನುಂಗಿಬಿಡಬಹುದು. ಸತ್ಯ ಹೇಳಿ ಒಳ್ಳೆಯದಾಗುತ್ತದೆ ಎಂದು ಗೋಡೆಯ ಮೇಲೆ ಬರೆಯುವವರು ಅರವತ್ತಮೂರು ಜನರ ಬಾಕಿ ಇಟ್ಟುಕೊಂಡು ಬರೆದವರಲ್ಲ.

ಹಾಗಾದರೆ ಗುಮಾಸ್ತರ ಮಾತು ಹೇಗೆ ತಟ್ಟಿತು? ಯಜಮಾನರ ಉತ್ತರ: "ಅವ್ರು ನನಗೆ ಬುದ್ಧಿ ಹೇಳಿದ್ರೆ ಕೇಳ್ತಿರ್ಲಿಲ್ಲ. ನಾನು ಮಾಡಲ್ಲ ಅಂದ್ರು, ಅಷ್ಟೇ. ಫೋನ್ ಹೊಡ್ಕೊಳ್ಳಾಕ ಹತ್ತಿತ್ತು. ಎತ್ತಾಕೆ ನಾನೊಬ್ನೇ ಉಳಿದಿದ್ದೆ."

ಅರವತ್ತಮೂರು ಫೋನು

ಮುಂದಿನ ಮೂರು ದಿನ ಯಜಮಾನರು ತಾವೇ ಫೋನು ಮಾಡಿದರು. ಬಂದ ಫೋನು ಎತ್ತಿದ್ದಲ್ಲ, ಖಾತೆಪುಸ್ತಕ ತೆರೆದಿಟ್ಟುಕೊಂಡು ಒಂದರಿಂದ ಅರವತ್ತಮೂರರವರೆಗೆ ಸಾಲಾಗಿ ಮಾಡಿದ್ದು. ಹೇಳಿದ್ದು ಮೂರೇ ಮಾತು. ನಿಮ್ಮ ಬಾಕಿ ಇಷ್ಟು. ದುಡ್ಡು ನನ್ನ ಹತ್ತಿರ ಇಲ್ಲ, ಇಂಥ ಕಡೆ ಸಿಕ್ಕಿಹಾಕಿಕೊಂಡಿದೆ, ನನ್ನ ಕೈಲಿರೋದು ಐದೂವರೆ ಲಕ್ಷ. ಮುಂದಿನ ಫೋನು ಇಂಥ ದಿನ ಮಾಡುತ್ತೇನೆ.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಜಾಣತನದ್ದು ಎನಿಸುವುದು ಈ ಮೂರನೆಯ ಮಾತು. ಅವರು ದುಡ್ಡಿನ ದಿನ ಹೇಳಲಿಲ್ಲ, ಫೋನಿನ ದಿನ ಹೇಳಿದರು. ದುಡ್ಡು ಬರುವುದು ಅವರ ಕೈಲಿರಲಿಲ್ಲ. ಫೋನು ಮಾಡುವುದು ಪೂರ್ತಿ ಅವರ ಕೈಲಿತ್ತು. ಹತ್ತು ದಿನಕ್ಕೊಮ್ಮೆ, ಹೇಳಿದ ದಿನವೇ, ಹೇಳಲು ಹೊಸದೇನೂ ಇಲ್ಲದಿದ್ದರೂ ಫೋನು ಹೋಗುತ್ತಿತ್ತು. "ಏನೂ ಆಗಿಲ್ಲ ಗೌಡ್ರೆ, ಕಂಪನಿಯವ್ರು ಇನ್ನೂ ಕೊಟ್ಟಿಲ್ಲ, ಅದನ್ನ ಹೇಳಾಕೇ ಮಾಡಿದೆ." ಮಾತು ಉಳಿಸಿಕೊಂಡದ್ದನ್ನು ತೋರಿಸಬೇಕಾದರೆ ಉಳಿಸಿಕೊಳ್ಳಬಲ್ಲಂಥ ಮಾತನ್ನೇ ಕೊಡಬೇಕು. ಸಣ್ಣ ಮಾತಾದರೂ ಸರಿ. ಜುಲೈ ಹೊತ್ತಿಗೆ ಒಬ್ಬ ರೈತರು, "ಆತು ಬಿಡ್ರಿ ಸಾವ್ಕಾರ್ರೆ, ದುಡ್ಡು ಬಂದಾಗ್ಲೇ ಮಾಡ್ರಿ" ಎಂದು ಬೇಸತ್ತು ಹೇಳಿದರಂತೆ. ಪತ್ತು ತಿರುಗಿ ಬಂದ ಮೊದಲ ಸುಳಿವು ಅದೇ ಎಂದು ಗುಮಾಸ್ತರು ಹೇಳುತ್ತಾರೆ.

ಮೊದಲ ಸುತ್ತಿನ ಫೋನುಗಳು ಅಷ್ಟು ಸಲೀಸಾಗಿರಲಿಲ್ಲ. ಬೈದವರೇ ಹೆಚ್ಚು. "ನಿಮ್ಮಪ್ಪ ಇದ್ದಿದ್ರೆ" ಎಂದು ಶುರು ಮಾಡಿದವರು ಇಪ್ಪತ್ತಕ್ಕೆ ಕಡಿಮೆ ಇಲ್ಲ. ಮಾಯಕೊಂಡ ಕಡೆಯ ಒಬ್ಬ ರೈತರು ಮಾತ್ರ ಸುಮ್ಮನೆ ಕೇಳಿ, "ಈಗ್ಲೇ ಹೇಳಿದ್ದು ಚಲೋ ಆತು, ಬೀಜ ಗೊಬ್ಬರಕ್ಕೆ ನಮ್ಮ ಷಡ್ಡಕನ ಹತ್ರ ಕೈಗಡ ಕೇಳ್ತೀನಿ. ಮೇನಾಗೆ ಹೇಳಿದ್ರೆ ಅವ್ನೂ ಕೊಟ್ಟು ಖಾಲಿ ಆಗಿರ್ತಿದ್ದ" ಎಂದರು. ನಿಜ ಹೇಳಿದ್ದರ ಲಾಭ ಹೇಳಿದವನಿಗೆ ಸಿಕ್ಕಿತೋ ಇಲ್ಲವೋ, ಕೇಳಿದವನಿಗೆ ಹಂಗಾಮಿಗೆ ಮುಂಚೆ ಎರಡು ತಿಂಗಳು ಸಿಕ್ಕಿತು. ಸರ್ವರ್ ಡೌನ್ ಎಂದು ನಂಬಿಕೊಂಡು ಕೂತ ರೈತ ಕಳೆದುಕೊಳ್ಳುವುದು ಈ ಎರಡು ತಿಂಗಳನ್ನು.

ಯಾರಿಗೆ ಮೊದಲು? ಐದೂವರೆ ಲಕ್ಷಕ್ಕೆ ಹೆಂಡತಿಯ ಬಳೆ ಅಡವಿಟ್ಟು ತಂದ ಮೂರು ಲಕ್ಷ ಸೇರಿಸಿ, ನಲವತ್ತು ಸಾವಿರಕ್ಕಿಂತ ಕಡಿಮೆ ಬಾಕಿ ಇದ್ದ 27 ಜನಕ್ಕೆ ಪೂರ್ತಿ ಕೊಟ್ಟರು. 7 ಲಕ್ಷ 60 ಸಾವಿರ, ಬಸವ ಜಯಂತಿಗೆ ಎರಡು ದಿನ ಮುಂಚೆ. ಉಳಿದ 36 ಜನಕ್ಕೆ ಇನ್ನು ಮುಂದೆ ಬಂದದ್ದನ್ನು ಬಾಕಿಗೆ ತಕ್ಕಂತೆ ಸಮನಾಗಿ ಹಂಚುವುದು ಎಂದು ತೀರ್ಮಾನ. ಇದು ಸರಿಯೇ ಎಂಬುದರ ಮೇಲೆ ನನ್ನ ತರಗತಿಯಲ್ಲಿ ಪ್ರತಿ ವರ್ಷ ಜಗಳವಾಗುತ್ತದೆ. ಒಂದು ಲಕ್ಷ ಬಾಕಿ ಇದ್ದವನೆಲ್ಲ ದೊಡ್ಡ ಕುಳ ಅಲ್ಲ, ಗುತ್ತಿಗೆಗೆ ಹೊಲ ಮಾಡಿ ಸಾಲದಲ್ಲಿರುವವನೂ ಇರಬಹುದು. ಯಜಮಾನರು ಅದನ್ನು ವಿಚಾರಿಸಲಿಲ್ಲ, ಮೊತ್ತ ನೋಡಿ ಗೆರೆ ಎಳೆದರು. ವಿಚಾರಿಸಲು ಹೋಗಿದ್ದರೆ ಒಬ್ಬೊಬ್ಬರದೂ ಒಂದೊಂದು ಕಥೆ, ಜೋರಾಗಿ ಅತ್ತವರಿಗೆ ಮೊದಲು ಸಿಗುತ್ತಿತ್ತು ಎಂಬುದು ಅವರ ವಾದ. ನನಗೆ ಅರ್ಧ ಒಪ್ಪಿಗೆ.

ಪಟ್ಟಿ

ಮೇ ಮೊದಲ ವಾರ ಯಾರ್ಡಿನಲ್ಲಿ ಓಡಾಟ ಶುರುವಾದಾಗ ಅಂಗಡಿಯ ಗೋಡೆಗೆ ಒಂದು ಹಾಳೆ ಬಂತು. 36 ಹೆಸರು, ಬಾಕಿ, ಸಂದಾಯ. ಕೆಳಗೆ ಕಂಪನಿಯಿಂದ ಈ ವಾರ ಬಂದದ್ದು. ಪ್ರತಿ ಸೋಮವಾರ ಹೊಸ ಹಾಳೆ.

ಮೊದಲು ಸಿಟ್ಟಾದವರು ಅಕ್ಕಪಕ್ಕದ ಅಂಗಡಿಯವರು. "ನೀನೊಬ್ಬ ಹರಿಶ್ಚಂದ್ರ ಆಗಾಕೆ ಹೋಗಿ ನಮ್ಮ ಕಡೆ ರೈತ್ರೂ ಗೋಡೆ ತೋರ್ಸು ಅಂತಾರೆ" ಎಂದು ಒಬ್ಬರು ಒಳಗೆ ಬಂದೇ ಹೇಳಿದರು. ಬಿಳಿ ಚೀಟಿಯ ಮೇಲೆ ಲಕ್ಷಗಟ್ಟಲೆ ವ್ಯವಹಾರ ನಡೆಯುವ ಕಡೆ ಲೆಕ್ಕ ಗೋಡೆಗೆ ಬರುವುದು ಯಾರಿಗೂ ಹಿಡಿಸುವ ವಿಷಯವಲ್ಲ.

ಎರಡನೇ ವಾರ ಒಬ್ಬ ರೈತ ನೇರವಾಗಿ ಗಾದಿಯ ಹತ್ತಿರ ಬಂದು ಹಾಳೆ ಹರಿದುಹಾಕಿದ. ಅವನು ಅಣ್ಣನಿಗೆ ತಿಳಿಸದೆ ಒಂದಷ್ಟು ಚೀಲ ಮಾರಿದ್ದ. ಊರಿನವರು ಯಾರೋ ಗೋಡೆಯ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದ್ದರು. ಮನೆ ಒಡೆಯುವ ತನಕ ಮಾತು ಬೆಳೆದಿತ್ತು. ಎಲ್ಲವನ್ನೂ ತೆರೆದಿಡುತ್ತೇನೆ ಎಂದು ಹೊರಟವನಿಗೆ, ತೆರೆದಿಡುತ್ತಿರುವುದರಲ್ಲಿ ಬೇರೆಯವರದೂ ಇದೆ ಎಂಬುದು ಹೊಳೆದಿರಲಿಲ್ಲ. ಮರುವಾರದಿಂದ ಹೆಸರು ಹೋಗಿ ನಂಬರ್ ಬಂತು. ಯಾರ ನಂಬರ್ ಯಾವುದೆಂದು ಆಯಾ ರೈತನಿಗೆ ಮಾತ್ರ ಗೊತ್ತು. ಆ ರೈತನ ಮನೆಯ ಜಗಳವನ್ನು ನಂಬರ್ ಸರಿಪಡಿಸಲಿಲ್ಲ. ಅಣ್ಣತಮ್ಮಂದಿರು ಈಗ ಬೇರೆ ಬೇರೆ ಇದ್ದಾರೆ.

ಮೂರನೆಯ ತಕರಾರು ಹಮಾಲರಿಂದ. ಲಾಕ್‌ಡೌನಿಗೆ ಮುಂಚಿನ ಎರಡು ವಾರದ ಹಮಾಲಿ, ಒಂಬತ್ತು ಜನಕ್ಕೆ ಸೇರಿ 38 ಸಾವಿರ, ಹಾಗೇ ನಿಂತಿತ್ತು. ಅವರಲ್ಲಿ ಹಿರಿಯರೊಬ್ಬರು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಮೊಮ್ಮಗನಿಂದ ಓದಿಸಿ, "ಅಣ್ಣಾರೆ, ನಮ್ದು ಎಲ್ಲಿ ಬರ್ದೀರಿ?" ಎಂದು ಕೇಳಿದರು. ಎಲ್ಲೂ ಬರೆದಿರಲಿಲ್ಲ. ಯಜಮಾನರಿಗೆ ಅದು ಬಾಕಿ ಎಂದೇ ತೋರಿರಲಿಲ್ಲ. ಹಮಾಲಿ ಎಂದರೆ ಸಂಜೆ ಕೊಡುವುದು, ಕೊಡದಿದ್ದರೆ ನಾಳೆ ಕೊಡುವುದು, ಅದಕ್ಕೆ ಪಟ್ಟಿ ಏಕೆ ಎಂಬ ಅಭ್ಯಾಸ. ಯಾರ್ಡು ನಿಂತಷ್ಟೂ ದಿನ ಕೆಲಸವೇ ಇಲ್ಲದ ಜನ ಅವರು. ಮರುದಿನ ಕೊಟ್ಟರು. ಗುಮಾಸ್ತರಿಗೂ ಇದು ನೆನಪಾಗಿರಲಿಲ್ಲ ಎಂಬುದನ್ನು ಸೇರಿಸಬೇಕು, ಏಕೆಂದರೆ ಈ ಪ್ರಕರಣ ಓದಿದವರೆಲ್ಲ ಗುಮಾಸ್ತರನ್ನು ಪೂಜೆಗೆ ಇಡುತ್ತಾರೆ.

ಇನ್ನೊಂದು ಘಟನೆ, 3 ಲಕ್ಷ 80 ಸಾವಿರ ಬಾಕಿ ಇದ್ದವರದು. ಸಮಪಾಲು ಅವರಿಗೆ ಒಪ್ಪಿಗೆಯಾಗಲಿಲ್ಲ. ಟ್ರಾಕ್ಟರ್ ತಂದು, ನಾಲ್ಕು ಹುಡುಗರನ್ನು ಇಳಿಸಿ, ಗೋದಾಮಿನಿಂದ ನಲವತ್ತು ಚೀಲ ಹೇರಿಕೊಂಡು ಹೋದರು. ಯಜಮಾನರು ಅಡ್ಡ ನಿಂತು ವೀರನಂತೆ ಮಾತಾಡಿದರು ಎಂದು ಬರೆಯುವ ಆಸೆ ನನಗಿದೆ. ಅವರು ಏನೂ ಮಾಡಲಿಲ್ಲ, ನೋಡುತ್ತ ನಿಂತರು. ಆದರೆ ಅದೇ ಸಂಜೆ ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, "ನಂ. 17, ನಲವತ್ತು ಚೀಲ, ಒತ್ತಾಯದಿಂದ ಒಯ್ದದ್ದು, ಅಂದಿನ ದರ" ಎಂದು ಬರೆದು, ಅವರ ಬಾಕಿಯಲ್ಲಿ ಕಳೆದು, ಉಳಿದ 35 ಜನಕ್ಕೂ ಫೋನು ಮಾಡಿ ಹೇಳಿದರು. ನಿಮ್ಮ ಪಾಲಿನಿಂದ ಇಷ್ಟು ಹೋಗಿದೆ, ಮುಂದಿನ ಹಂಚಿಕೆಯಲ್ಲಿ ಅವರಿಗೆ ಅಷ್ಟು ಕಡಿಮೆ, ಲೆಕ್ಕ ಗೋಡೆ ಮೇಲಿದೆ. ಇನ್ನಷ್ಟು ಟ್ರಾಕ್ಟರ್ ಬರಬಹುದೆಂದು ಗುಮಾಸ್ತರು ಎರಡು ರಾತ್ರಿ ಗೋದಾಮಿನಲ್ಲೇ ಮಲಗಿದರು. ಬರಲಿಲ್ಲ. ಸುದ್ದಿ ಬೇರೆ ಬಾಯಿಂದ ಕೇಳಿದ್ದರೆ ಬರುತ್ತಿದ್ದೆವು ಎಂದು ಇಬ್ಬರು ರೈತರು ನನಗೆ ಹೇಳಿದರು.

ಆ ಮೇ ತಿಂಗಳಲ್ಲೇ ರಾಜ್ಯ ಸರ್ಕಾರ ಮೆಕ್ಕೆಜೋಳ ಬೆಳೆಗಾರರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಅದು ಖಾತೆಗೆ ಬಿದ್ದ ವಾರ ಜಗಳೂರು ಕಡೆಯ ಒಬ್ಬ ಅಜ್ಜ ಫೋನು ಮಾಡಿ, "ನಿನ್ನ ಐದು ಸಾವಿರ ಬಂತಪಾ, ದೇವ್ರು ಚಲೋ ಮಾಡ್ಲಿ" ಎಂದರಂತೆ. ಅದು ನಂದಲ್ಲ ಅಜ್ಜ, ಸರ್ಕಾರದ್ದು ಎಂದು ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ಅಜ್ಜ ಕೊನೆಗೂ ಪೂರ್ತಿ ನಂಬಲಿಲ್ಲ.

ಅರವತ್ತನಾಲ್ಕನೆಯವರು

ಬಳೆ ಅಡವಿಟ್ಟ ವಿಷಯ ಹೆಂಡತಿಗೆ ಗೊತ್ತಿರಲಿಲ್ಲ. ಲಾಕರಿನ ಕೀಲಿ ಇಬ್ಬರ ಹತ್ತಿರವೂ ಇತ್ತು, ಯಜಮಾನರು ಹೇಳದೆ ತೆಗೆದರು. ಬಾಕಿಯ ವಿಷಯವೂ ಗೊತ್ತಿರಲಿಲ್ಲ. ಅರವತ್ತಮೂರು ಮನೆಗೆ ಫೋನು ಹೋದ ಮೇಲೆ, ಅದರಲ್ಲಿ ಒಂದು ಮನೆಯ ಹೆಂಗಸು ಇವರ ಪರಿಚಯದವರು, ಸಮಾಧಾನ ಹೇಳಲೆಂದು ಇವರಿಗೆ ಫೋನು ಮಾಡಿದರು.

ಆ ರಾತ್ರಿಯ ಬಗ್ಗೆ ಗಂಡ ಹೇಳಿದ್ದು ಒಂದೇ ವಾಕ್ಯ. ಹೆಂಡತಿ ಹೇಳಿದ್ದು ಇನ್ನಷ್ಟು. "ನಾನು ಬಿಕಾಂ ಓದಿದವಳು. ಮದುವೆ ಆದಾಗಿಂದ ಒಂದಿನ ಅಂಗಡಿ ಪುಸ್ತಕ ತೋರ್ಸಿಲ್ಲ ಇವ್ರು. ಬಳೆಗಲ್ಲ ನಾನು ಅತ್ತಿದ್ದು. ಊರಿಗೆಲ್ಲ ನಿಜ ಹೇಳಿದೆ ಅಂತ ಹಗುರಾಗಿ ಮನೆಗೆ ಬಂದು ಉಂಡು ಮಲಗಿದ್ರು. ಆಗ ಕೇಳಿದೆ, ನನ್ನ ನಂಬರ್ ಅರವತ್ತನಾಲ್ಕಾ ಅಂತ."

ಬಿಲ್ ಜಾರ್ಜ್ ಎಂಬುವವರು, ಮೆಡ್‌ಟ್ರಾನಿಕ್ ಎಂಬ ವೈದ್ಯಕೀಯ ಉಪಕರಣಗಳ ಕಂಪನಿ ನಡೆಸಿ ನಿವೃತ್ತರಾದವರು, 2003ರಲ್ಲಿ "ಅಥೆಂಟಿಕ್ ಲೀಡರ್‌ಶಿಪ್" ಎಂಬ ಮಾತನ್ನು ಜನಪ್ರಿಯ ಮಾಡಿದರು. ಮನೆಯಲ್ಲಿ ಒಬ್ಬ, ಕಚೇರಿಯಲ್ಲಿ ಇನ್ನೊಬ್ಬ ಆಗಬಾರದು ಎಂಬುದು ಅದರ ಒಂದು ಅಂಶ. 2008ರಲ್ಲಿ ಸಂಶೋಧಕರು ಇದನ್ನು ಅಳೆಯಲು ನಾಲ್ಕು ಭಾಗ ಮಾಡಿದರು: ತನ್ನನ್ನು ತಾನು ಅರಿಯುವುದು, ಸಂಬಂಧಗಳಲ್ಲಿ ಮುಚ್ಚುಮರೆ ಇಲ್ಲದಿರುವುದು, ತನ್ನ ಅಭಿಪ್ರಾಯಕ್ಕೆ ವಿರುದ್ಧವಾದದ್ದನ್ನೂ ತೂಗಿ ನೋಡುವುದು, ಒಳಗಿನ ನೀತಿಗೆ ತಕ್ಕಂತೆ ನಡೆಯುವುದು. ಈ ನಾಲ್ಕಕ್ಕೆ ಅಂಕ ಹಾಕಿದರೆ ಏಪ್ರಿಲ್ ತಿಂಗಳ ನಮ್ಮ ಯಜಮಾನರಿಗೆ ಅಂಗಡಿಯಲ್ಲಿ ಒಂದು ಅಂಕ, ಮನೆಯಲ್ಲಿ ಇನ್ನೊಂದು. ಒಬ್ಬನೇ ಮನುಷ್ಯ, ಅದೇ ವಾರ. ನಾಯಕತ್ವವನ್ನು ಮನುಷ್ಯನೊಳಗಿನ ಗುಣ ಎಂದು ಅಳೆಯುವ ಅಳತೆಪಟ್ಟಿಗಳ ಮೇಲೆ ನನಗೆ ಅನುಮಾನ ಹುಟ್ಟಿದ್ದು ಇಲ್ಲಿಂದಲೇ. ಅಂಗಡಿಯಲ್ಲಿ ಅವರ ಎದುರು ಫೋನು ಎತ್ತಲೊಲ್ಲದ ಒಬ್ಬರಿದ್ದರು. ಮನೆಯಲ್ಲಿ ಹಾಗೆ ಯಾರೂ ಇರಲಿಲ್ಲ.

ಡಿಸೆಂಬರ್ ಹೊತ್ತಿಗೆ ಈ ಎಳೆ ಮತ್ತೆ ಅಂಗಡಿಗೆ ಬಂದು ಸೇರಿತು. ಗೋದಾಮಿನ ಜೋಳ ಮಾರಿ ಬಂದ 7 ಲಕ್ಷ 40 ಸಾವಿರವನ್ನು ರೂಪಾಯಿಗೆ ಇಪ್ಪತ್ತೆರಡು ಪೈಸೆಯಂತೆ ಹಂಚಿ ಆಗಿತ್ತು. ಕಂಪನಿ ಕಂತುಕಂತಾಗಿ 19 ಲಕ್ಷ ಕೊಟ್ಟಿತ್ತು, ಅದರಲ್ಲಿ ಐದು ಲಕ್ಷವನ್ನು ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ನುಂಗಿ 14 ಲಕ್ಷ ರೈತರಿಗೆ ಹೋಗಿತ್ತು. ಉಳಿದದ್ದು 12 ಲಕ್ಷ 20 ಸಾವಿರ. ಮೊದಲ ಬಾರಿಗೆ ಯಜಮಾನರು ದುಡ್ಡಿನ ದಿನವನ್ನೇ ಹೇಳಿಬಿಟ್ಟಿದ್ದರು, ಸಂಕ್ರಾಂತಿ ಒಳಗೆ ಪೂರ್ತಿ ಎಂದು. ಕಂಪನಿ ನವೆಂಬರ್ ನಂತರ ಮತ್ತೆ ಮೌನ. ಇದ್ದದ್ದು ಹರಿಹರ ರಸ್ತೆಯ ಕಡೆ ಒಂದು ಮೂವತ್ತು–ನಲವತ್ತರ ಸೈಟು, ಹೆಂಡತಿಯ ಹೆಸರಿನಲ್ಲಿ.

ಈ ಸಲ ಮೊದಲು ಕೇಳಿದರು. ಆಕೆ ಒಂದು ವಾರ ಖಾತೆಪುಸ್ತಕ, ಕಿರ್ದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಮನೆಗೆ ತರಿಸಿಕೊಂಡು ನೋಡಿದರು. ಎರಡು ಕಡೆ ಕೂಡಿಸುವುದರಲ್ಲಿ ತಪ್ಪು ಹಿಡಿದರು. ಆಮೇಲೆ ಸಹಿ ಹಾಕಿದರು. ಸೈಟು 13 ಲಕ್ಷಕ್ಕೆ ಹೋಯಿತು, ನಿಧಾನಕ್ಕೆ ಮಾರಿದ್ದರೆ ಹೆಚ್ಚು ಬರುತ್ತಿತ್ತು. 2021ರ ಜನವರಿ 12ಕ್ಕೆ ಕೊನೆಯ ರೈತನ ಬಾಕಿ ತೀರಿತು.

ಫೆಬ್ರವರಿ ಕೊನೆಯಲ್ಲಿ ಕಂಪನಿ ರಾಜಿಗೆ ಬಂದು 14 ಲಕ್ಷ ಕೊಟ್ಟು ಕೈ ತೊಳೆದುಕೊಂಡಿತು. ಆರು ವಾರ ಕಾದಿದ್ದರೆ ಸೈಟು ಉಳಿಯುತ್ತಿತ್ತು. ಯಜಮಾನರ ಮಾವ ಇಂದಿಗೂ ಹಬ್ಬದ ಊಟಕ್ಕೆ ಕೂತಾಗ ಇದನ್ನು ಎತ್ತುತ್ತಾರೆ. ತರಗತಿಯಲ್ಲೂ ಮಾವನ ಪಕ್ಷವೇ ಯಾವಾಗಲೂ ದೊಡ್ಡದು: ರೈತರನ್ನು ಕೇಳಿದ್ದರೆ ಹೋಳಿವರೆಗೆ ಕಾಯುತ್ತಿದ್ದರು, ಒಂಬತ್ತು ತಿಂಗಳು ಕಾದವರು ಇನ್ನೆರಡು ತಿಂಗಳು ಕಾಯುವುದಿಲ್ಲವೇ ಎಂದು. ಕಾಯುತ್ತಿದ್ದರು, ನಿಜ. ನನಗೆ ಮಾತ್ರ ಅವರು ಕೊಟ್ಟ ಒಂದೇ ಒಂದು ದುಡ್ಡಿನ ದಿನ ಅದಾಗಿತ್ತು ಎಂಬುದು ಸೈಟಿಗಿಂತ ಭಾರವಾಗಿ ಕಾಣುತ್ತದೆ. ಸೈಟು ನನ್ನದಲ್ಲ, ಹೇಳುವುದು ಸುಲಭ.

ಯಾರು ತಿರುಗಿ ಬಂದರು

ಇಂಥ ಕಥೆಗಳಲ್ಲಿ ಮುಂದಿನ ಹಂಗಾಮಿಗೆ ಅಂಗಡಿಯ ಮುಂದೆ ಟ್ರಾಕ್ಟರುಗಳ ಸಾಲು ನಿಂತಿರಬೇಕು. 2020ರ ಅಕ್ಟೋಬರ್‌ನಿಂದ ಜನವರಿ ತನಕ ಬಂದವರು ಅರವತ್ತಮೂರರಲ್ಲಿ 41. ಬಾರದಿದ್ದವರು 22. ವಿಚಿತ್ರ ಎಂದರೆ ಆ 22ರಲ್ಲಿ 16 ಜನ ಏಪ್ರಿಲ್‌ನಲ್ಲೇ ಪೂರ್ತಿ ಹಣ ಪಡೆದ ಸಣ್ಣ ರೈತರು. ಇನ್ನೂ ಬಾಕಿ ಬರಬೇಕಾಗಿದ್ದ ದೊಡ್ಡವರೇ ಬಂದರು, ನಲವತ್ತು ಚೀಲ ಹೇರಿಕೊಂಡು ಹೋದ ನಂಬರ್ 17 ಸಮೇತ.

ಬಾಕಿ ವಸೂಲಿಗಾಗಿ ಬಂದಿರಬಹುದು ಎಂಬ ಅನುಮಾನ ನನಗೂ ಇತ್ತು. ಆದರೆ ಬಾಕಿ ತೀರಿದ ನಂತರದ ಹಂಗಾಮಿನಲ್ಲೂ ಅವರಲ್ಲಿ ಹೆಚ್ಚಿನವರು ಬಂದರು. ಸಣ್ಣವರು ಏಕೆ ಬರಲಿಲ್ಲ? 2020ರ ಮೇ ತಿಂಗಳ ಸುಗ್ರೀವಾಜ್ಞೆಯಿಂದ ಯಾರ್ಡಿನ ಹೊರಗೂ ಕೊಳ್ಳುವುದಕ್ಕೆ ದಾರಿಯಾಗಿತ್ತು. ಊರಿಗೇ ಗಾಡಿ ತಂದು ಕಣದಲ್ಲೇ ತೂಗಿ ರೋಕ ಕೊಡುವವರು ಹೆಚ್ಚಿದರು. ಮೂವತ್ತು ಸಾವಿರದ ಮಾಲಿಗೆ ಬಾಡಿಗೆ ಕೊಟ್ಟು ಯಾರ್ಡಿಗೆ ಬರುವುದೇ ನಷ್ಟ. ಆದರೆ ಆನಗೋಡು ಕಡೆಯ ಒಬ್ಬ ರೈತ ಮಹಿಳೆ ಹೇಳಿದ್ದು ಬೇರೆ: "ಮನುಷ್ಯ ಚಲೋ ಅದಾನ್ರಿ. ನಮ್ದು ಮೊದ್ಲೇ ಕೊಟ್ಟ. ಆದ್ರೆ ದುಡ್ಡು ಯಾರ ಕೈಗೆ ಕೊಡಬೇಕು ಅನ್ನೋದು ಅವ್ನಿಗೆ ತಿಳೀಲಿಲ್ಲಲ್ಲ. ಚಲೋ ಮನುಷ್ಯ ಅಂತ ಮತ್ತೊಂದ್ಸಲ ನನ್ನ ಜ್ವಾಳ ಕೊಡ್ಲಾ?"

1995ರಲ್ಲಿ ಮೇಯರ್, ಡೇವಿಸ್, ಸ್ಕೂರ್ಮನ್ ಎಂಬ ಮೂವರು ಸಂಶೋಧಕರು ನಾವು ಒಬ್ಬರನ್ನು ನಂಬುವುದು ಮೂರು ನೋಡಿ ಎಂದರು: ಕೆಲಸದ ಸಾಮರ್ಥ್ಯ, ನಮ್ಮ ಹಿತ ಬಯಸುವ ಮನಸ್ಸು, ಪ್ರಾಮಾಣಿಕತೆ. ನಾನು ಒಂದು ಗಂಟೆ ಕೊರೆಯುವ ಪಾಠವನ್ನು ಆಕೆ ಜೋಳದ ರಾಶಿಯ ಪಕ್ಕ ಕೂತು ನಾಲ್ಕು ಮಾತಿನಲ್ಲಿ ಮುಗಿಸಿದರು. ಯಜಮಾನರು ಒಂಬತ್ತು ತಿಂಗಳು ತೀರಿಸಿದ್ದು ಎರಡು ಮತ್ತು ಮೂರನೆಯದನ್ನು. ಮೊದಲನೆಯದು ಹಾಗೇ ಬಾಕಿ ಇತ್ತು. ಅದಕ್ಕೆ ಅವರು ಆಮೇಲೆ ಮಾಡಿದ್ದು ತೀರಾ ಸಪ್ಪೆ ಕೆಲಸ. ಒಬ್ಬ ಖರೀದಿದಾರನ ಹತ್ತಿರ ಒಂದು ಲಾರಿಗಿಂತ ಹೆಚ್ಚು ಮಾಲು ಉದ್ರಿ ನಿಲ್ಲಿಸುವುದಿಲ್ಲ. ಹಿಂದಿನ ಲಾರಿಯ ದುಡ್ಡು ಬಂದ ಮೇಲೇ ಮುಂದಿನದು ಹೊರಡುತ್ತದೆ. ಇದರಿಂದ ವ್ಯಾಪಾರ ಮೂರರಲ್ಲಿ ಒಂದು ಪಾಲು ಇಳಿಯಿತು, ಇನ್ನೂ ಮೊದಲಿನ ಮಟ್ಟಕ್ಕೆ ಏರಿಲ್ಲ. ಆ 22ರಲ್ಲಿ ಒಂಬತ್ತು ಜನ ಮೂರ್ನಾಲ್ಕು ವರ್ಷದಲ್ಲಿ ಒಬ್ಬೊಬ್ಬರಾಗಿ ತಿರುಗಿ ಬಂದಿದ್ದಾರೆ. ಆನಗೋಡಿನ ಆ ಹೆಣ್ಣುಮಗಳು ಬಂದಿಲ್ಲ.

ಅಂಗಡಿಯ ಲೆಕ್ಕವನ್ನು ಈಗ ಪ್ರತಿ ಭಾನುವಾರ ಹೆಂಡತಿ ನೋಡುತ್ತಾರೆ. ಅವರಿಬ್ಬರ ನಡುವೆ ಎಲ್ಲ ಸರಿಹೋಯಿತೇ ಎಂಬುದು ನಾನು ಕೇಳುವ ಪ್ರಶ್ನೆಯಲ್ಲ, ಕೇಳಲಿಲ್ಲ.

ಗುಮಾಸ್ತರು ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಈ ಬರಹವನ್ನು ಓದಿ ಹೇಳಲು ಹೋದಾಗ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸಿದರು. ಮೊದಲಿನಿಂದ ಪೂರ್ತಿ ಕೇಳಿದರು. ಕೊನೆಗೆ ನಾನು ಸುಮ್ಮನೆ ಕೇಳಿದೆ: ಅವತ್ತು ಯಜಮಾನರು ನಿಮ್ಮ ಮಾತು ಕೇಳದೆ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?

ಸ್ವಲ್ಪ ಹೊತ್ತು ಮಂಡಕ್ಕಿ ಕೈಯಾಡಿಸುತ್ತ ಕೂತರು. "ಅದಕ್ಕೆ ನಾಲ್ಕು ದಿನ ಮುಂಚೇನೇ ಎದುರು ಸಾಲಿನ ಒಂದು ಅಂಗಡೀಲಿ ಕೆಲಸಕ್ಕೆ ಮಾತಾಡಿ ಇಟ್ಟಿದ್ದೆ ರೀ. ಸಂಬಳನೂ ಗೊತ್ತು ಮಾಡ್ಕೊಂಡಿದ್ದೆ. ಆ ಧೈರ್ಯದ ಮೇಲೇ ಫೋನ್ ಎತ್ತಲ್ಲ ಅಂದಿದ್ದು."

ಯಜಮಾನರಿಗೆ ಗೊತ್ತೇ ಎಂದೆ. ಇಲ್ಲ ಎಂದರು. ಹಾಗಾದರೆ ಇದನ್ನು ಬರೆಯುವುದಿಲ್ಲ ಎಂದು ಪೆನ್ನು ಮುಚ್ಚಿದೆ.

"ಬೇಡ, ಬರೀರಿ. ಅವ್ರು ಓದ್ತಾರಲ್ಲ, ಓದ್ಲಿ. ಇಷ್ಟು ವರ್ಷ ಆತು, ನನ್ನ ಬಾಯಿಂದ ಹೇಳಾಕೆ ಆಗಿಲ್ಲ."